ಏಡಿ ಬಾಗಿಲು ಹಾಕುವ ಹೊತ್ತು

ಯಾಂದೆಗೆ ಕೆಂಪು ಬೂಟು ಬಂದ ದಿನ ತೆನಿಂಗ್ ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಬೂಟು ತಂದವನು ಇಬ್ಬರಿಗೂ ಗಂಡನಾದ ಲಾತಿರ್. ಹನ್ನೆರಡು ದಿನ ಕಡಲ ಮೇಲಿದ್ದು, ಡಕಾರ್ ಬಂದರಿನಲ್ಲಿ ಮೀನು ಇಳಿಸಿ, ಆವತ್ತು ಬೆಳಿಗ್ಗೆ ದ್ವೀಪಕ್ಕೆ ಮರಳಿದ್ದ. ಅಂಗಳದ ಬೇವಿನ ಮರದಡಿ ಚಾಪೆ ಹಾಸಿಕೊಂಡು ಚೀಲ ಬಿಚ್ಚಿದ. ತಾಯಿ ಜೋಕೆಲಳಿಗೆ ಜಗಿಯಲು ಕೋಲಾ ಕಾಯಿ, ತೆನಿಂಗಳ ಮಗಳು ಕೋದುವಿಗೆ ನೋಟುಪುಸ್ತಕ, ಹೆಂಡಿರಿಬ್ಬರಿಗೂ ಒಂದೇ ಥಾನಿನಿಂದ ಹರಿದ ನೀಲಿ ಬಟ್ಟೆ. ಸಮಪಾಲು ಮಾಡುವುದರಲ್ಲಿ ಲಾತಿರ್ ತಕ್ಕಡಿಯಂಥವನು ಎಂದು ಊರೇ ಹೊಗಳುತ್ತಿತ್ತು. ಚೀಲ ಮುಗಿಯಿತು ಅನ್ನುವಷ್ಟರಲ್ಲಿ ತಳದಿಂದ ಬೂಟು ಹೊರಬಂತು. ಮೊಣಕಾಲವರೆಗಿನ ರಬ್ಬರ್ ಬೂಟು, ಹಣ್ಣು ಮೆಣಸಿನಕಾಯಿಯ ಕೆಂಪು.

"ಇದು ಯಾಂದೆಗೆ. ಕೆಸರಲ್ಲಿ ಚಿಪ್ಪು ಕುಯ್ದು ಕುಯ್ದು ಪಾಪ, ಕಾಲೆಲ್ಲ ಹುಣ್ಣಾಗಿದೆ."

ಸೌದೆ ಮುರಿಯುತ್ತಿದ್ದ ತೆನಿಂಗ್ ತಲೆ ಎತ್ತಲಿಲ್ಲ. "ಅಂಗಡೀಲಿ ಒಂದೇ ಜೋಡಿ ಇತ್ತೇನೋ."

"ನಿಂಗ್ಯಾಕೆ ಬೂಟು? ನಿನ್ನ ಹಿಮ್ಮಡಿ ನೋಡಿದ್ರೆ ಚಿಪ್ಪೇ ಹೆದರ್ಕೊಂಡು ಬಾಯಿ ಬಿಡುತ್ತೆ!"

ಕೋದು ನಕ್ಕಳು. ಜೋಕೆಲ್ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಯಾಂದೆಯೂ ನಕ್ಕಳು, ನಕ್ಕಮೇಲೆ ತೆನಿಂಗಳ ಮುಖ ನೋಡಿ ಬಾಯಿಗೆ ಅಂಗೈ ಅಡ್ಡ ಹಿಡಿದಳು.

ತೆನಿಂಗ್ ಇಪ್ಪತ್ತು ವರ್ಷದಿಂದ ಕೆಸರಿಗೆ ಇಳಿಯುತ್ತಿದ್ದದ್ದು ಗಂಡನ ಹರಿದ ಪ್ಯಾಂಟಿನ ಬಟ್ಟೆಯಲ್ಲಿ ತಾನೇ ಹೊಲಿದುಕೊಂಡ ಕಾಲುಚೀಲ ಕಟ್ಟಿಕೊಂಡು. ಅದನ್ನು ಅವಳು ಯಾವತ್ತೂ ಬಡತನ ಅಂದುಕೊಂಡಿರಲಿಲ್ಲ. ಆವತ್ತು ಅಂದುಕೊಂಡಳು.

ಊಟಕ್ಕೆ ಕೂತಾಗ ಜೋಕೆಲ್ ಒಂದು ತುತ್ತು ಬಾಯಿಗಿಟ್ಟು ಮುಖ ಕಿವಿಚಿದಳು. "ಏನೇ ತೆನಿಂಗ್, ಕಡಲನ್ನೇ ಬಗ್ಗಿಸಿ ತಂದ್ಯೇನೇ?"

* * *

ಯಾಂದೆ ಈ ಮನೆಗೆ ಬಂದು ಒಂದು ವರ್ಷ ತುಂಬುತ್ತ ಬಂದಿತ್ತು. ಅವಳದು ಒಳನಾಡಿನ ಸಜ್ಜೆ ಬೆಳೆಯುವ ಹಳ್ಳಿ. ಸಮುದ್ರವನ್ನು ಮೊದಲ ಸಲ ನೋಡಿದ್ದೇ ಮದುವೆಯ ದೋಣಿಯಲ್ಲಿ ಕೂತು. ದ್ವೀಪದ ಹೆಂಗಸರು ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದದ್ದೇ ಕಡಿಮೆ. "ಸಜ್ಜೆ ಕುಟ್ಟೋಳೇ" ಎನ್ನುವರು. ಅವಳೂ ಬಿಡುವವಳಲ್ಲ. "ಮೀನಿನ ಮುಳ್ಳು ಸಿಕ್ಕಿಕೊಂಡ ಗಂಟಲಿಗೆ ನನ್ನ ಸಜ್ಜೆ ಮುದ್ದೇನೇ ಮದ್ದು ಕಣ್ರೇ" ಎನ್ನುವಳು. ಬಾವಿಕಟ್ಟೆ ನಗುವಿನಿಂದ ಉಕ್ಕುತ್ತಿತ್ತು.

ಮನೆಯಲ್ಲಿ ಎರಡೆರಡು ದಿನದ ಸರದಿ. ಸರದಿ ಯಾರದೋ ಒಲೆ ಅವರದು, ಗಂಡನ ಕೋಣೆಯೂ ಅವರದು. ಸರದಿ ಇಲ್ಲದವಳು ಬಳಚು ಎಂಬ ಚಿಪ್ಪುಮೀನು ಆರಿಸಲು ಕೆಸರಿಗೆ ಹೋಗಬಹುದು. ಬೇಯಿಸಿ, ಒಣಗಿಸಿ, ಮಾರಿದ ಬಳಚಿನ ದುಡ್ಡು ಅವಳ ಸ್ವಂತದ್ದು. ಎಲ್ಲ ಸರಿಯಾಗೇ ಇತ್ತು. ಅದೇ ಅಕ್ಕಿ, ಅದೇ ಮೀನು, ಅದೇ ಶೇಂಗಾ ಸಾರು. ಆದರೆ ತೆನಿಂಗಳ ಸರದಿಯಲ್ಲಿ ಬೋಗುಣಿಯ ತಳದಲ್ಲಿ ನಾಲ್ಕು ತುತ್ತು ಉಳಿಯುತ್ತಿತ್ತು, ಯಾಂದೆಯ ಸರದಿಯಲ್ಲಿ ಕೋದು ಬೆರಳಲ್ಲಿ ಬಳಿದು ನೆಕ್ಕುತ್ತಿದ್ದಳು.

"ನಿನ್ನದೂ ಚೆನ್ನಾಗಿರುತ್ತೆ," ಜೋಕೆಲ್ ಒಂದು ದಿನ ಸಮಾಧಾನ ಹೇಳಿದಳು. "ನೀನು ಮೀನು ಬೇಯಿಸ್ತೀಯ. ಅವಳು ಅದನ್ನ ಮಾತಾಡಿಸ್ತಾಳೆ, ಅಷ್ಟೇ."

ಅಷ್ಟೇ! ತೆನಿಂಗ್ ಆ ಬೋಗುಣಿಯನ್ನು ಬೂದಿ ಹಾಕಿ ತಿಕ್ಕಿದ ರಭಸಕ್ಕೆ ಅದರ ಹೂವಿನ ಚಿತ್ರವೇ ಅರ್ಧ ಅಳಿಸಿತು. ಬೋಗುಣಿ ಅವಳದೇ. ಅವಳ ಕೋಣೆಯ ಗಾಜಿನ ಕಪಾಟಿನಲ್ಲಿ ಅಂಥ ಮೂವತ್ತೊಂದು ಇದ್ದವು, ಎಲ್ಲವೂ ಬಳಚಿನ ದುಡ್ಡಿನವು. ಯಾಂದೆಗೆ ಒಂದೂ ಇರಲಿಲ್ಲ. ಎಣಿಸಿ ನೋಡಿದರೆ ತೆನಿಂಗಳ ಕಡೆ ಉಳಿದದ್ದು ಎರಡೇ: ಈ ಬೋಗುಣಿಗಳು ಮತ್ತು ನೀರು.

ನೀರಿನ ವಿಷಯದಲ್ಲಿ ಅವಳ ಮಾತಿಗೆ ಎದುರಿರಲಿಲ್ಲ. ಹದಿನಾಲ್ಕು ಹೆಂಗಸರ ದೋಣಿ ಯಾವಾಗ ಹೊರಡಬೇಕು, ಇಳಿತದಲ್ಲಿ ಯಾವ ದಿಬ್ಬ ಮೊದಲು ಮೈ ತೋರುತ್ತದೆ, ಉಬ್ಬರ ತಿರುಗುವಾಗ ಯಾರನ್ನು ಎಲ್ಲಿಂದ ಎಬ್ಬಿಸಬೇಕು, ಎಲ್ಲ ಅವಳೇ ಹೇಳಬೇಕು. "ತೆನಿಂಗ್ ಏಳು ಅಂದಮೇಲೆ ಸತ್ತವಳೂ ಏಳ್ಬೇಕು" ಎನ್ನುವಳು ನೆರೆಮನೆಯ ದಿಬೋರ್. ಆ ವಿದ್ಯೆ ತೆನಿಂಗಳಿಗೆ ಬಂದದ್ದು ಅತ್ತೆಯಿಂದ, ಅತ್ತೆಗೆ ಅವಳ ಅತ್ತೆಯಿಂದ. ಮಗಳಿಗೆ ಹೇಳುವುದಲ್ಲ, ಮಗಳು ಇನ್ನೊಂದು ದೋಣಿಗೆ ಹೋಗುವವಳು. ಹೇಳುವುದು ಸೊಸೆಗೆ.

ಬೂಟು ಬಂದ ಮಾರನೆಯ ದಿನ ಜೋಕೆಲ್ ಅದೇ ಮಾತು ಎತ್ತಿದಳು. "ಅವಳಿಗೆ ನೀರು ಹೇಳಿಕೊಡು ತೆನಿಂಗ್. ನನಗಂತೂ ಕೆಸರಿಗಿಳಿಯೋ ಶಕ್ತಿಯಿಲ್ಲ. ನಡೆದಾಡೋಳೇ ಹೇಳ್ಬೇಕು."

"ಹೇಳ್ತೀನಿ."

"ಎಲ್ಲಾ ಹೇಳು."

"ಹೇಳ್ತೀನಿ ಅಂದ್ನಲ್ಲ ಅತ್ತೆ."

* * *

ಹೇಳಿಕೊಟ್ಟಳು. ಮೂರು ವಾರ, ಇಬ್ಬರ ಸರದಿಯ ನಡುವೆ ಬಿಡುವಾದಾಗಲೆಲ್ಲ, ದಡದ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳ ಹತ್ತಿರ ನಿಲ್ಲಿಸಿ.

"ಇವತ್ತು ನೀರು ಎಷ್ಟು ಹೊತ್ತಿಗೆ ಇಳೀತು?"

"ಮಧ್ಯಾಹ್ನದ ನಮಾಜಿಗೆ."

"ನಾಳೆ?"

"ಒಂದು ಅನ್ನದ ಪಾತ್ರೆ ಇಟ್ಟು ಇಳಿಸೋಷ್ಟು ತಡವಾಗಿ."

"ಚಂದ್ರ ಅರ್ಧ ಇದ್ದಾಗ?"

"ಸೋಮಾರಿ ನೀರು. ಏರೋದೂ ಇಲ್ಲ, ಇಳಿಯೋದೂ ಇಲ್ಲ. ನಮ್ಮೂರಿನ ನನ್ನ ಸೋದರಮಾವನ ಥರ."

ತೆನಿಂಗಳಿಗೆ ನಗು ಬಂತು, ನುಂಗಿದಳು. ಯಾಂದೆ ಒಂದು ಸಲ ಹೇಳಿದ್ದನ್ನು ಮರೆಯುತ್ತಿರಲಿಲ್ಲ. ಬಳಚು ಉಸಿರಾಡುವ ಜೋಡಿ ತೂತನ್ನು ತೆನಿಂಗ್ ಕಲಿಯಲು ಒಂದು ಮಳೆಗಾಲ ಹಿಡಿದಿತ್ತು. ಅಲ್ಲಿಯವರೆಗೆ ಕಾಲಿಗೆ ತಾಗಿದ್ದನ್ನಷ್ಟೇ ಹೆಕ್ಕುತ್ತಿದ್ದ ಇವಳು ನಾಲ್ಕು ದಿನಕ್ಕೆ ಕಲಿತಳು. ಪ್ರತಿ ದಿಬ್ಬದ ಮುಂದೆ ನೆಟ್ಟ ಗೂಟಕ್ಕೆ ನೀರು ಮುಟ್ಟಿದರೆ ಬುಟ್ಟಿ ಎತ್ತಬೇಕು ಎಂದು ತೆನಿಂಗ್ ತೋರಿಸಿದಳು. ಸೊಂಟದ ನೀರಿನಲ್ಲಿ ಬುಟ್ಟಿ ತೇಲಿಸಿ ಎಳೆಯುವುದನ್ನು ತೋರಿಸಿದಳು.

ಒಂದನ್ನು ಮಾತ್ರ ಹೇಳಲಿಲ್ಲ.

ಊರಿನ ದಿಬ್ಬಗಳಲ್ಲೆಲ್ಲ ದಪ್ಪ ಬಳಚು ಸಿಗುವುದು ಅಜ್ಜಿಬೆನ್ನು ಎಂಬ ದಿಬ್ಬದಲ್ಲಿ. ಅದು ನಡುವೆ ಗೂನು ಬಿದ್ದ ದಿಬ್ಬ. ಗೂನಿನ ಹಿಂದೆ, ದೂರದ ಅಂಚಿಗೆ ಹೋಗುವ ದಾರಿಗೆ ಅಡ್ಡಲಾಗಿ, ಒಂದು ತೋಡು, ಇಳಿತದಲ್ಲಿ ಬತ್ತುವ ಕಾಲುವೆ. ಉಬ್ಬರ ಅಲ್ಲಿ ಮುಂದಿನಿಂದ ಬರುವುದಿಲ್ಲ, ಹಿಂದಿನಿಂದ ಬರುತ್ತದೆ. ಮುಂದಿನ ಗೂಟ ಒಣಗಿ ನಿಂತಿರುವಾಗಲೇ ಹಿಂದಿನ ತೋಡು ಎದೆಮಟ್ಟ ತುಂಬಿ ದಾರಿ ಕಡಿದಿರುತ್ತದೆ. ಅಲ್ಲಿ ಗೂಟ ನೋಡಬಾರದು, ಏಡಿ ನೋಡಬೇಕು. ಒಂದೇ ದೊಡ್ಡ ಕೈಯಿರುವ ಪುಟ್ಟ ಏಡಿಗಳು ನೀರು ಬರುವುದಕ್ಕೆ ಮುಂಚೆಯೇ ಬಿಲಕ್ಕಿಳಿದು, ಅದರ ಬಾಯಿಗೆ ಕೆಸರಿನ ಉಂಡೆ ಇಟ್ಟುಕೊಂಡು ಬಾಗಿಲು ಹಾಕಿಕೊಳ್ಳುತ್ತವೆ. ಏಡಿ ಬಾಗಿಲು ಹಾಕಿತೋ, ನೀನು ಹೊರಡು. ಇಷ್ಟೇ ಮಾತು.

ನಾಳೆ ಹೇಳೋಣ ಅಂದುಕೊಳ್ಳುವಳು ತೆನಿಂಗ್. ನಾಳೆ ಬರುವ ಹೊತ್ತಿಗೆ ಕೆಂಪು ಬೂಟು ಅಂಗಳದಲ್ಲಿ ತೊಳೆದು ಬೋರಲು ಹಾಕಿರುತ್ತಿತ್ತು. ನೋಡಿದ ಕೂಡಲೇ ಮಾತು ಒಳಗೇ ಕೂತುಬಿಡುತ್ತಿತ್ತು.

* * *

ಅಜ್ಜಿಬೆನ್ನನ್ನು ನಾಲ್ಕು ತಿಂಗಳಿಂದ ಮುಚ್ಚಿದ್ದರು. ಬಳಚು ಬಲಿಯಲಿ ಎಂದು ಹೆಂಗಸರ ಸಂಘದವರೇ ಕಟ್ಟಿದ ಬಿಳಿ ಬಟ್ಟೆ ಕೋಲಿನ ಮೇಲೆ ಹಾರುತ್ತಿತ್ತು. ಹುಣ್ಣಿಮೆಯ ದೊಡ್ಡ ಇಳಿತದ ದಿನ ಅದನ್ನು ಬಿಚ್ಚುವುದು. ಆ ಒಂದು ದಿನ ಸಿಗುವಷ್ಟು ಬಳಚು ಉಳಿದ ತಿಂಗಳಿಡೀ ಸಿಗುವುದಿಲ್ಲ.

ಆ ದಿನ ಯಾಂದೆಯ ಸರದಿಗೆ ಬಿತ್ತು. ತೆನಿಂಗ್ ಬೆರಳು ಮಡಿಸಿ ಎಣಿಸಿದಳು, ಇನ್ನೊಂದು ಸಲ ಎಣಿಸಿದಳು. ಯಾಂದೆಯ ಸರದಿಯೇ. ಆ ವಾರವೆಲ್ಲ ಅವಳ ಸಾರಿಗೆ ಉಪ್ಪು ಹದವಾಗಿತ್ತು.

ಎರಡು ದಿನ ಮೊದಲು, ಬೆಳಗಿನ ಅಂಬಲಿ ಕುಡಿಯುವಾಗ ಯಾಂದೆ ಬಾಯಿ ತೆರೆದಳು. "ಅಕ್ಕ, ದಿಬ್ಬದ ಬಿಳಿ ಬಟ್ಟೆ ಬಿಚ್ಚೋ ದಿನ ನಾನೂ ಬರ್ಲಾ?"

"ಒಲೆ ಯಾರು ನೋಡ್ತಾರೆ?"

"ಅದಕ್ಕೇ ಕೇಳ್ದೆ. ನಂಗೂ ಒಂದೆರಡು ಬೋಗುಣಿ ತಗೋಬೇಕು ಅಂತ ಆಸೆ ಅಕ್ಕ. ಎಷ್ಟು ದಿನ ಅಂತ ನಿನ್ನ ಪಾತ್ರೇಲೇ ಬಡಿಸ್ಲಿ?"

"ಬಡಿಸ್ಬೇಡ ಅಂದ್ನಾ ನಾನು? ಸರದಿ ಅಂದ್ರೆ ಸರದಿ. ಇವತ್ತು ಬಳಚು ಅಂತ ಬಿಟ್ರೆ ನಾಳೆ ಇನ್ನೊಂದು."

"ಒಂದು ದಿನಕ್ಕೇನು?" ಎಂದಳು ಜೋಕೆಲ್. "ನಾನು ಬೇಯಿಸ್ತೀನಿ. ಇಬ್ಬರೂ ಹೋಗಿ."

ತೆನಿಂಗ್ ಕೈಯ ಲೋಟವನ್ನು ನೆಲಕ್ಕೆ ಕುಕ್ಕಿದಳು. "ನೀವು ಬೇಯಿಸ್ತೀರಾ?"

"ಯಾಕೆ, ನಂಗೆ ಬರಲ್ವಾ?"

"ಕೋದು ಹುಟ್ಟಿ ಹದಿನೈದು ದಿನ ಆಗಿರ್ಲಿಲ್ಲ ಅತ್ತೆ. ಸೊಂಟ ಬಿದ್ದುಹೋಗಿತ್ತು ನಂಗೆ. ಮಗೂನ ಬೆನ್ನಿಗೆ ಕಟ್ಕೊಂಡು ಹೊಗೇಲಿ ಕೂತಿದ್ದೆ. ಆಗ ನಿಮ್ಮ ಕೈಗೆ ಏನಾಗಿತ್ತು?"

ಜೋಕೆಲ್ ಕೋಲಾ ಕಾಯಿಯನ್ನು ಕಲ್ಲಿನಲ್ಲಿ ಜಜ್ಜುತ್ತಲೇ ಹೇಳಿದಳು: "ಆಗ ನಂಗೆ ಸೊಕ್ಕಿತ್ತು. ಈಗ ವಯಸ್ಸಾಗಿದೆ."

"ನನ್ನ ಪಾಲಿಗೆ ಸೊಕ್ಕು, ಇವಳ ಪಾಲಿಗೆ ವಯಸ್ಸು. ಒಳ್ಳೆ ಲೆಕ್ಕ."

"ಅಮ್ಮಾ, ಬೆಳಿಗ್ಗೆ ಬೆಳಿಗ್ಗೆ ಯಾಕೆ..." ಅಂದಳು ಕೋದು. ಅವಳು ಆಚೆ ದಡದ ಶಾಲೆಯಿಂದ ದೊಡ್ಡ ರಜೆಗೆ ಬಂದವಳು, ಹದಿನಾರು ವರ್ಷ. "ಚಿಕ್ಕಮ್ಮ ಬಂದ್ರೆ ನಾನೂ ಬರ್ತೀನಿ. ಮಜಾ ಇರುತ್ತೆ."

"ಹೋದ ವರ್ಷ ನಾನು ಕರೆದಾಗ ಕೆಸರು ನಾರುತ್ತೆ ಅಂದಿದ್ದೆ."

ಯಾಂದೆ ಅಂಬಲಿಯ ಲೋಟಗಳನ್ನು ಒಂದೊಂದಾಗಿ ಎತ್ತಿಕೊಂಡು ಬಾವಿಯ ಕಡೆ ಹೋದಳು.

* * *

ಹುಣ್ಣಿಮೆಯ ದಿನ ಜೋಕೆಲಳನ್ನು ಇಬ್ಬರು ಹಿಡಿದುಕೊಂಡು ದಡಕ್ಕೆ ಕರೆತಂದರು. ಅವಳು ಸೋರೆಬುರುಡೆಯಿಂದ ಮೊಸರು, ಸಜ್ಜೆ ಹಿಟ್ಟು ನೀರಿಗೆ ಬಿಟ್ಟು ಹಿರಿಯರನ್ನು ನೆನೆದಳು. ಒಲೆ ಅತ್ತೆಯ ಪಾಲಾಗಿದ್ದರಿಂದ ಯಾಂದೆ, ಕೋದು ಇಬ್ಬರೂ ದೋಣಿ ಹತ್ತಿದ್ದರು. ದೋಣಿಗಳು ಇಳಿತದ ಜೊತೆ ಜಾರಿದವು.

"ನೋಡ್ರೇ, ಸಜ್ಜೆ ಕುಟ್ಟೋಳ ಕಾಲು!" ದಿಬೋರ್ ಕೂಗಿದಳು. "ಕೆಸರಿಗೆ ಹೊರಟಿದ್ದಾಳೋ, ಮಿಲಿಟರಿಗೋ?"

"ಗಂಡ ಕೊಡಿಸಿದ್ದು," ಯಾಂದೆ ಕಾಲೆತ್ತಿ ತೋರಿಸಿದಳು. "ನಿಮ್ಮವರು ಏನು ಕೊಡಿಸಿದ್ರು?"

"ಒಂಬತ್ತು ಮಕ್ಕಳು!"

ದೋಣಿಯೇ ಅಲುಗಾಡುವಷ್ಟು ನಕ್ಕರು. ಹಿಂದುಗಡೆ ಹುಟ್ಟು ಹಾಕುತ್ತಿದ್ದ ತೆನಿಂಗ್ ಒಬ್ಬಳೇ ನಗಲಿಲ್ಲ.

ಬಿಳಿ ಬಟ್ಟೆ ಬಿಚ್ಚಿದ್ದೇ ಹೆಂಗಸರು ಅಜ್ಜಿಬೆನ್ನಿನ ಮೇಲೆ ಹರಡಿಕೊಂಡರು. ಚಿಪ್ಪಿಗೆ ಚಿಪ್ಪು ತಾಗುವ ಸದ್ದು ಬಿಟ್ಟರೆ ಮಾತೇ ಇಲ್ಲ, ಅಂಥ ಸುಗ್ಗಿ. ಗೂನಿನ ಆಚೆ, ದೂರದ ಅಂಚಿನಲ್ಲಿ, ಬಳಚು ಇನ್ನೂ ದಪ್ಪ. ಸ್ವಲ್ಪ ಹೊತ್ತಿನಲ್ಲೇ ಕೆಂಪು ಬೂಟು ಅತ್ತ ನಡೆದದ್ದು ತೆನಿಂಗಳ ಕಣ್ಣಿಗೆ ಬಿತ್ತು. ಕೂಗಬಹುದಿತ್ತು. ಕೂಗಲಿಲ್ಲ. ಏನಾದೀತು? ಎದೆಮಟ್ಟ ನೀರಾದೀತು, ಬುಟ್ಟಿ ಹೋದೀತು, ಅಳುತ್ತ ಬಂದಾಳು. ದೋಣಿಯವರೆಲ್ಲ ಒಂದು ಸಲ ಅವಳ ಜೊತೆ ಅಲ್ಲ, ಅವಳನ್ನು ನೋಡಿ ನಗಲಿ. ಅಷ್ಟು ಸಾಕು. ಅಷ್ಟೇ ಬೇಕಿತ್ತು ಅವಳಿಗೆ.

ಆಮೇಲೆ ಬಾಗಿ ಅಗೆಯತೊಡಗಿದಳು. ಬುಟ್ಟಿ ಮುಕ್ಕಾಲು ತುಂಬಿದಾಗ ಪಾದದ ಪಕ್ಕದ ಏಡಿಯೊಂದು ದೊಡ್ಡ ಕೈ ಒಳಗೆಳೆದುಕೊಂಡಿತು. ಕೆಸರಿನ ಉಂಡೆ ಬಾಗಿಲಿಗೆ ಬಂತು. ಅದರ ಪಕ್ಕದ್ದೂ ಮುಚ್ಚಿತು.

"ಏಳ್ರೇ!" ತೆನಿಂಗ್ ಕೂಗಿದಳು. ಹೆಂಗಸರು ಬುಟ್ಟಿ ಎತ್ತಿ ದೋಣಿಯತ್ತ ಸಾಲುಗಟ್ಟಿದರು. ಅವಳು ಎಣಿಸುತ್ತ ನಿಂತಳು. ಒಬ್ಬಳು ಕಡಿಮೆ, ಅದು ಗೊತ್ತಿತ್ತು. ಇನ್ನೊಂದು ಸಲ ಎಣಿಸಿದಳು. ಇಬ್ಬರು ಕಡಿಮೆ.

"ಕೋದು ಎಲ್ಲಿ?"

"ಅವಳಾಗಲೇ ಚಿಕ್ಕಮ್ಮನ ಹಿಂದೆ ಹೋದ್ಲಲ್ಲ," ಅಂದಳು ದಿಬೋರ್. "ನೀನು ನೋಡ್ಲಿಲ್ವಾ?"

ಗೂನು ಹತ್ತಿ ನೋಡಿದರೆ ದೂರದಲ್ಲಿ ಎರಡು ಬೆನ್ನು. ಒಂದರ ತಲೆಗೆ ಹಳದಿ ವಸ್ತ್ರ, ಕೋದುವಿನದು. ಮುಂದಿನ ಗೂಟದ ಬುಡ ಒಣಗಿಯೇ ಇತ್ತು. ಇಬ್ಬರೂ ಅದನ್ನು ನೋಡಿಕೊಂಡು ನೆಮ್ಮದಿಯಿಂದ ಅಗೆಯುತ್ತಿದ್ದರು. ಅವರ ಹಿಂದೆ ತೋಡು ಬೆಳ್ಳಗೆ ಅಗಲವಾಗುತ್ತಿತ್ತು. ತೆನಿಂಗ್ ಕೂಗಿದಳು. ಗಾಳಿ ಎದುರಿನದು, ಮಾತನ್ನು ಅವಳ ಬಾಯಿಗೇ ತಿರುಗಿಸಿ ತುರುಕಿತು.

ದಿಬೋರಳೂ ಅವಳೂ ಬುಟ್ಟಿಗಳನ್ನು ದಿಬ್ಬದ ಮೇಲೆ ಸುರಿದು, ಉಳಿದವರನ್ನು ಬೇರೆ ದೋಣಿಗೆ ಕಳಿಸಿ, ಖಾಲಿ ದೋಣಿಯನ್ನು ತೋಡಿನ ಬಾಯಿಗೆ ತಿರುಗಿಸಿದರು. ಅಷ್ಟರಲ್ಲಿ ಆ ಇಬ್ಬರೂ ನೀರು ಕಂಡು ಓಡಿ ತೋಡಿಗೆ ಇಳಿದಾಗಿತ್ತು. ಕೋದು ದ್ವೀಪದ ಹುಡುಗಿ, ಮೀನಿನಂತೆ ಈಜುವವಳು. ಯಾಂದೆ ನಟ್ಟ ನಡುವೆ ನಿಂತುಬಿಟ್ಟಿದ್ದಳು. ಬೂಟಿನೊಳಗೆ ನೀರು ತುಂಬಿ, ತಳದ ಕೆಸರು ಅದನ್ನು ಹೀರಿ ಹಿಡಿದುಕೊಂಡಿತ್ತು. ನೀರು ಎದೆ ದಾಟಿ ಹೆಗಲಿಗೆ ಬರುತ್ತಿತ್ತು.

"ಕೋದೂ! ಈಜ್ಕೊಂಡು ಬಾ!"

"ಚಿಕ್ಕಮ್ಮನ ಕಾಲು ಸಿಕ್ಕಿಕೊಂಡಿದೆ!"

"ನೀನು ಬಾ ಮೊದಲು!"

"ಬರಲ್ಲಾ!" ಕೋದು ಯಾಂದೆಯ ಎರಡೂ ಕೈ ಹಿಡಿದುಕೊಂಡಿದ್ದಳು. ಆ ಹಿಡಿತ ತೆನಿಂಗಳ ಕಣ್ಣಿಗೆ ಚುಚ್ಚಿತು. ಅಂಥ ಹೊತ್ತಿನಲ್ಲೂ ಚುಚ್ಚಿತು.

ಅವಳು ದೋಣಿಯಿಂದ ಧುಮುಕಿದಳು. ಮುಳುಗಿ, ಕಣ್ಣು ಕಾಣದ ಕೆಸರು ನೀರಿನಲ್ಲಿ ಯಾಂದೆಯ ಮೊಣಕಾಲು ತಡವಿ, ಬೂಟಿನ ಬಾಯಿಗೆ ಬೆರಳು ತೂರಿಸಿ ಹಿಗ್ಗಿಸಿದಳು. ರಬ್ಬರು ಜಾರಿತು. ಉಸಿರಿಗೆ ಮೇಲೆ ಬಂದು ಮತ್ತೆ ಮುಳುಗಿದಳು. ಒಂದು ಕಾಲು ಕಿತ್ತು ಬಂತು. ಎರಡನೆಯದಕ್ಕೆ ಮತ್ತೆ ಮುಳುಗಬೇಕಾಯಿತು. ಬೂಟು ಎರಡೂ ಕೆಳಗೇ ಉಳಿದವು. ಯಾಂದೆ ಮೇಲೆ ಬಂದಳು.

ದೋಣಿಯಲ್ಲಿ ಅವಳು ನೀರು ಕಕ್ಕಿ ಸುಧಾರಿಸಿಕೊಂಡ ಮೇಲೆ ದಿಬೋರ್ ತಡೆಯಲಾರದೆ ಕೇಳಿದಳು: "ಅಲ್ವೇ ಹುಡುಗಿ, ಅಜ್ಜಿಬೆನ್ನಲ್ಲಿ ಗೂಟ ನೋಡ್ಬಾರದು ಅಂತ ತೆನಿಂಗ್ ನಿಂಗೆ ಹೇಳಿರ್ಲಿಲ್ವಾ?"

ಯಾಂದೆ ತಲೆಯೆತ್ತಿ ತೆನಿಂಗಳನ್ನು ನೋಡಿದಳು.

"ಹೇಳಿದ್ಲು," ಅಂದಳು. "ನಾನೇ ಮರೆತೆ."

* * *

ಮನೆಯಲ್ಲೂ ಅದನ್ನೇ ಹೇಳಿದಳು. ಲಾತಿರ್ "ನೀನಿದ್ದೂ ಹೀಗ್ಯಾಕಾಯ್ತು?" ಎಂದು ತೆನಿಂಗಳ ಮೇಲೆ ರೇಗಿದಾಗ ಅಡ್ಡ ಬಂದಳು. "ಅಕ್ಕನ್ನ ಏನೂ ಅನ್ಬೇಡಿ. ಅವಳಿಲ್ದಿದ್ರೆ ನಾನು ಏಡಿಗೆ ಊಟ ಆಗ್ತಿದ್ದೆ." ಊರೆಲ್ಲ ತೆನಿಂಗಳನ್ನು ಹೊಗಳಿತು. ಸವತಿಗಾಗಿ ಮೂರು ಸಲ ಮುಳುಗಿದವಳು ಎಂದಿತು. ಹೊಗಳಿಕೆಯನ್ನು ಕೇಳುತ್ತ ಕೇಳುತ್ತ ಅವಳ ಮೈ ಉರಿಯಿತು. ಯಾಂದೆ ಜಗಳವಾಡಬಹುದಿತ್ತು, ಬೈಯಬಹುದಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇದರಲ್ಲೂ ಅವಳದೇ ಮೇಲುಗೈ.

ಐದು ದಿನ ಕಳೆದ ಮೇಲೆ, ಯಾರೂ ಇಲ್ಲದಾಗ, ಜೋಕೆಲ್ ತೆನಿಂಗಳನ್ನು ಹತ್ತಿರ ಕೂರಿಸಿಕೊಂಡಳು.

"ಹೇಳಿರ್ಲಿಲ್ಲ ಅಲ್ವಾ?"

ತೆನಿಂಗ್ ಬಳಚಿನಿಂದ ಮಾಂಸ ಬಿಡಿಸುತ್ತಿದ್ದ ಚಾಕುವನ್ನು ನಿಲ್ಲಿಸಲಿಲ್ಲ.

"ನಿಂಗೆ ನಾನು ಏಡಿ ತೋರಿಸಿದ್ದು ಯಾವ ವರ್ಷ, ನೆನಪಿದೆಯಾ?"

"ಮದುವೆ ಆಗಿ ಮೂರನೇ ವರ್ಷ."

"ನನ್ನ ಮಗ ಊಟಕ್ಕೆ ಮೊದಲು ಅಮ್ಮಾ ಅನ್ನೋದು ಬಿಟ್ಟು ತೆನಿಂಗ್ ಅನ್ನೋಕೆ ಶುರು ಮಾಡಿದ್ದ. ಮೂರು ವರ್ಷ ನಂಗೂ ಅದನ್ನ ಹೇಳೋಕೆ ಬಾಯಿ ಬರ್ಲಿಲ್ಲ." ಮುದುಕಿ ಕೋಲಾ ಕಾಯಿಯ ಪುಡಿ ಬಾಯಿಗೆ ಹಾಕಿಕೊಂಡಳು. "ನಿಂಗೆ ಈಜು ಬರ್ತಿತ್ತು, ಬಚಾವಾದೆ. ಅವಳಿಗೆ ಬರಲ್ಲ. ಹೋಗು, ತೋರಿಸು."

* * *

ಮುಂದಿನ ಅಮಾವಾಸ್ಯೆಯ ಇಳಿತಕ್ಕೆ ತೆನಿಂಗ್ ತನ್ನ ಸರದಿಯಾದರೂ ಒಲೆಯನ್ನು ಅತ್ತೆಗೆ ಬಿಟ್ಟಳು. ಲಾತಿರನ ಹಳೆಯ ಪ್ಯಾಂಟೊಂದನ್ನು ಕತ್ತರಿಸಿ ಹೊಲಿದ ಹೊಸ ಕಾಲುಚೀಲವನ್ನು ಯಾಂದೆಯ ಮುಂದೆ ಎಸೆದಳು.

"ಕಟ್ಕೋ. ಅಳತೆ ಸರಿಯಿಲ್ಲ ಅಂದ್ರೆ ನಿನ್ನ ಗಂಡನ್ನ ಕೇಳು."

"ನಂಗೊಬ್ಬಳಿಗೇ ಗಂಡನಾ ಅಕ್ಕ?"

"ಮಾತು ಸಾಕು, ನಡಿ."

ಅಜ್ಜಿಬೆನ್ನಿನ ಅಂಚಿನಲ್ಲಿ ಇಬ್ಬರೂ ಕುಕ್ಕರಗಾಲಲ್ಲಿ ಕೂತರು. ಬಿಸಿಲು ಕೆಸರಿನ ಮೇಲೆ ಹೊಳೆಯುತ್ತಿತ್ತು. ತುಂಬ ಹೊತ್ತಾದ ಮೇಲೆ ಒಂದು ಏಡಿ ದೊಡ್ಡ ಕೈಯನ್ನು ಎರಡು ಸಲ ಎತ್ತಿ ಇಳಿಸಿ, ಬಿಲಕ್ಕೆ ಜಾರಿ, ಒಳಗಿನಿಂದ ಕೆಸರಿನ ಉಂಡೆ ಎಳೆದುಕೊಂಡಿತು. ಆಮೇಲೆ ಇನ್ನೊಂದು. ಆಮೇಲೆ ಸಾಲು ಸಾಲು.

"ಬಾಗಿಲು ಹಾಕ್ಕೊಂಡ್ವು," ತೆನಿಂಗ್ ಹೇಳಿದಳು. "ಇನ್ನು ಗೂಟ ನೋಡ್ಬೇಡ. ಎದ್ದು ನಡಿ."

"ಇಷ್ಟೇನಾ ಅಕ್ಕ?"

"ಇಷ್ಟೇ."

ಯಾಂದೆ ಎದ್ದಳು. ಮುಂದೆ ನಡೆದಳು. ತೋಡಿನಲ್ಲಿ ಇನ್ನೂ ಮೊಣಕಾಲುದ್ದ ನೀರಷ್ಟೇ ಇತ್ತು. ಹಿಂದೆ ಬರುತ್ತಿದ್ದ ತೆನಿಂಗಳ ಕಾಲಿಗೆ ಮೆತ್ತಗೆ ಏನೋ ತಾಗಿತು. ತಿಳಿನೀರಿನಲ್ಲಿ ಬಗ್ಗಿ ನೋಡಿದರೆ ಕೆಸರಿನಿಂದ ಅರ್ಧ ಎದ್ದು ನಿಂತ ಕೆಂಪು ಬೂಟು. ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಕೈ ಹಾಕಿ ಎಳೆದರೆ ಬರುವಂತಿತ್ತು.

ತೆನಿಂಗ್ ಅದರ ಮೇಲೆ ಹಿಮ್ಮಡಿ ಇಟ್ಟಳು. ಮೈಯ ಭಾರವನ್ನೆಲ್ಲ ಬಿಟ್ಟಳು. ಕೆಸರು ಗುಳಕ್ಕೆಂದು ಬೂಟನ್ನು ನುಂಗಿಕೊಂಡು ಮುಚ್ಚಿಕೊಂಡಿತು.

ಯಾಂದೆ ತಿರುಗಿ ನಿಂತಳು. "ಏನಾಯ್ತಕ್ಕ?"

"ಏನಿಲ್ಲ. ಚಿಪ್ಪು ಚುಚ್ಚಿತು. ನೀನು ನಡಿ, ನೀರು ಬಂತು."